ಹೂಡಿಕೆದಾರರ ಸಾಲ ನೋಡಿ ಷೇರುಪೇಟೆಯ ದಿಕ್ಕು ಹೇಳಬಹುದೇ? ಯಾವ ಅಳತೆ ಯಾರಿಗೆ

2025ರ ಜೂನ್ ಕೊನೆಗೆ ಅಮೆರಿಕದ ಹೂಡಿಕೆದಾರರು ಷೇರು ಕೊಳ್ಳಲು ಬ್ರೋಕರ್‌ಗಳಿಂದ ಪಡೆದಿದ್ದ ಮಾರ್ಜಿನ್ ಸಾಲ ಮೊದಲ ಬಾರಿಗೆ ಒಂದು ಲಕ್ಷ ಕೋಟಿ ಡಾಲರ್ ದಾಟಿತು. ಅದೇ ವರ್ಷದ ದಸರಾ-ದೀಪಾವಳಿಯ ಹೊತ್ತಿಗೆ ನಮ್ಮಲ್ಲಿ ಮಾರ್ಜಿನ್ ಟ್ರೇಡಿಂಗ್ ಫೆಸಿಲಿಟಿ, ಅಂದರೆ ಬ್ರೋಕರ್‌ನಿಂದ ಸಾಲ ಪಡೆದು ಷೇರು ಕೊಳ್ಳುವ, ಎಲ್ಲರೂ ಎಂಟಿಎಫ್ ಎಂದು ಕರೆಯುವ ಸೌಲಭ್ಯದ ಬಾಕಿ ಸಾಲ ಒಂದು ಲಕ್ಷ ಕೋಟಿ ರೂಪಾಯಿಯನ್ನು ದಾಟಿತು. ಎರಡೂ ಸುದ್ದಿಗಳ ಕೆಳಗೆ ಓದುಗರು ಕೇಳಿದ ಪ್ರಶ್ನೆ ಒಂದೇ: ಸಾಲ ಇಷ್ಟಾಗಿದೆ ಎಂದರೆ ಪೇಟೆ ಬೀಳುವ ಕಾಲ ಹತ್ತಿರವಾಯಿತೇ, ಈಗಲೇ ಮಾರಿಬಿಡಬೇಕೇ?

ಉತ್ತರ ನೀವು ಯಾವ ಅಳತೆಯನ್ನು ಹಿಡಿಯುತ್ತೀರಿ ಎಂಬುದರ ಮೇಲೆ ನಿಂತಿದೆ. ಒಂದೇ ಸಾಲವನ್ನು ಕನಿಷ್ಠ ಐದು ಬಗೆಯಲ್ಲಿ ಅಳೆಯುವ ರೂಢಿಯಿದೆ. ಅವುಗಳಲ್ಲಿ ಪತ್ರಿಕೆಯ ತಲೆಬರಹಕ್ಕೆ ಏರುವ ಅಳತೆಯೇ ಅತ್ಯಂತ ದುರ್ಬಲವಾದುದು ಎಂಬುದು ನನ್ನ ಖಚಿತ ಅಭಿಪ್ರಾಯ. ಉಳಿದವುಗಳಲ್ಲಿ ಎರಡು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ, ಆದರೆ ಜನ ನಿರೀಕ್ಷಿಸುವ ಉಪಯೋಗಕ್ಕಲ್ಲ.

ಸಾಲಕ್ಕೂ ಬೆಲೆಗೂ ಇರುವ ನಂಟು

ಅಮೆರಿಕದಲ್ಲಿ ಮಾರ್ಜಿನ್ ಖಾತೆ ಹೊಂದಿದವರು ಷೇರಿನ ಬೆಲೆಯ ಅರ್ಧವನ್ನು ಕೈಯಿಂದ ಹಾಕಿ, ಉಳಿದರ್ಧವನ್ನು ಬ್ರೋಕರ್‌ನಿಂದ ಸಾಲವಾಗಿ ಪಡೆಯಬಹುದು. ಫೆಡರಲ್ ರಿಸರ್ವ್ ಗೊತ್ತುಪಡಿಸಿದ ಈ ಶೇ 50ರ ಮಿತಿ 1974ರಿಂದ ಬದಲಾಗಿಲ್ಲ. ಕೊಂಡ ಷೇರೇ ಸಾಲಕ್ಕೆ ಒತ್ತೆ. ಖಾತೆಯಲ್ಲಿ ಹೂಡಿಕೆದಾರನ ಸ್ವಂತ ಪಾಲು ಶೇ 25ಕ್ಕಿಂತ ಕೆಳಗಿಳಿದರೆ ಬ್ರೋಕರ್ ಇನ್ನಷ್ಟು ಹಣ ಕೇಳಬೇಕು. ಅದೇ ಮಾರ್ಜಿನ್ ಕಾಲ್. ಹಣ ಬರದಿದ್ದರೆ ಬ್ರೋಕರ್ ಷೇರನ್ನು ಮಾರಿ ಸಾಲ ವಸೂಲು ಮಾಡಿಕೊಳ್ಳುತ್ತಾನೆ. 100 ಡಾಲರ್ ಸ್ವಂತದ್ದು, 100 ಡಾಲರ್ ಸಾಲದ್ದು ಹಾಕಿ 200 ಡಾಲರಿನ ಷೇರು ಕೊಂಡವನಿಗೆ, ಷೇರಿನ ಮೌಲ್ಯ ಸುಮಾರು 133 ಡಾಲರಿಗೆ ಇಳಿದಾಗ ಈ ಕರೆ ಬರುತ್ತದೆ. ಹಲವು ಬ್ರೋಕರ್‌ಗಳು ತಮ್ಮದೇ ಬಿಗಿಯಾದ ನಿಯಮ ಇಟ್ಟುಕೊಂಡಿರುವುದರಿಂದ ಅದಕ್ಕೂ ಮೊದಲೇ ಬರಬಹುದು.

ಬೆಲೆ ಬಿದ್ದಾಗ ಬಲವಂತದ ಮಾರಾಟ, ಆ ಮಾರಾಟದಿಂದ ಬೆಲೆ ಮತ್ತಷ್ಟು ಕುಸಿತ. ಈ ಸುತ್ತು ನಿಜ, ಅಪಾಯಕಾರಿ. ಆದರೆ ಇದೇ ಯಂತ್ರ ಮೇಲ್ಮುಖವಾಗಿಯೂ ಓಡುತ್ತದೆ. ಬೆಲೆ ಏರಿದರೆ ಒತ್ತೆಯ ಮೌಲ್ಯ ಏರುತ್ತದೆ, ಅದರ ಮೇಲೆ ಇನ್ನಷ್ಟು ಸಾಲ ಹುಟ್ಟುತ್ತದೆ. ಹಾಗಾಗಿ ಸಾಲದ ಮೊತ್ತ ಬಹುಮಟ್ಟಿಗೆ ಸೂಚ್ಯಂಕದ ಹಿಂದೆಯೇ ನಡೆಯುತ್ತದೆ. ಬೆಲೆಯ ಬೆನ್ನು ಹಿಡಿದು ಹೋಗುವುದನ್ನು ಬೆಲೆಯ ಮುನ್ಸೂಚನೆ ಎಂದು ಓದುವುದರಲ್ಲೇ ಹೆಚ್ಚಿನ ಗೊಂದಲ ಹುಟ್ಟುವುದು.

ಒಟ್ಟು ಮೊತ್ತ: ದಾಖಲೆ ಎಂಬ ಸುದ್ದಿ

ಈ ಅಳತೆಯ ಪರವಾಗಿ ಹೇಳುವವರ ಕೈಯಲ್ಲಿ ಮೂರು ಒಳ್ಳೆಯ ಉದಾಹರಣೆಗಳಿವೆ. ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದ ಲೆಕ್ಕದಲ್ಲಿ ಮಾರ್ಜಿನ್ ಸಾಲ 2000ದ ಮಾರ್ಚ್‌ನಲ್ಲಿ 27,850 ಕೋಟಿ ಡಾಲರಿಗೆ ಮುಟ್ಟಿತು, ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಎಸ್ ಅಂಡ್ ಪಿ 500 ಸೂಚ್ಯಂಕದ ಶಿಖರವೂ ಅದೇ ತಿಂಗಳ 24ರಂದು. 2007ರಲ್ಲಿ ಸಾಲ ಜುಲೈನಲ್ಲಿ ಸುಮಾರು 38,100 ಕೋಟಿ ಡಾಲರಿಗೆ ಏರಿ ಇಳಿಯಿತು, ಸೂಚ್ಯಂಕ ಅಕ್ಟೋಬರ್ 9ರಂದು ಶಿಖರ ಕಂಡಿತು. 2021ರ ಅಕ್ಟೋಬರ್‌ನಲ್ಲಿ ಸಾಲ ಸುಮಾರು 93,600 ಕೋಟಿ ಡಾಲರ್, ಸೂಚ್ಯಂಕದ ಶಿಖರ 2022ರ ಜನವರಿ 3. ಕೊನೆಯ ಎರಡು ಬಾರಿ ಸಾಲವೇ ಎರಡು ಮೂರು ತಿಂಗಳು ಮೊದಲು ತಿರುಗಿತ್ತು. ನೋಡಿದವರಿಗೆ ಇದೊಂದು ಗಂಟೆ ಬಾರಿಸಿದಂತೆ ಅನಿಸುವುದು ಸಹಜ.

ಆದರೆ ಅದು ಶಿಖರ ಎಂದು ಗೊತ್ತಾಗಿದ್ದು ಇಳಿದ ಮೇಲೆ. ದಾಖಲೆಯಾದ ದಿನ ಅದೂ ಇನ್ನೊಂದು ದಾಖಲೆ ಅಷ್ಟೇ. 2013ರ ಏಪ್ರಿಲ್‌ನಲ್ಲಿ ಸಾಲ 2007ರ ಗರಿಷ್ಠವನ್ನು ದಾಟಿದಾಗ ಎಚ್ಚರಿಕೆಯ ಲೇಖನಗಳ ಮಳೆಯೇ ಸುರಿಯಿತು. ಆಗ ಎಸ್ ಅಂಡ್ ಪಿ 500 ಸುಮಾರು 1,600ರಲ್ಲಿತ್ತು. 2020ರ ಫೆಬ್ರುವರಿಯಲ್ಲಿ ಅದು 3,380 ದಾಟಿತ್ತು. ಎಚ್ಚರಿಕೆಯನ್ನು ನಂಬಿ ಮಾರಿದವರು ಬಂಡವಾಳ ದುಪ್ಪಟ್ಟಾಗುವ ಅವಧಿಯನ್ನು ಹೊರಗೆ ನಿಂತು ನೋಡಿದರು. ನಡುವೆ ಇಳಿತಗಳಿದ್ದವು, 2018ರ ಕೊನೆಯಲ್ಲಿ ಸುಮಾರು ಶೇ 20ರ ಕುಸಿತವೂ ಬಂತು, ಆದರೂ ಸೂಚ್ಯಂಕ 2013ರ ಮಟ್ಟಕ್ಕೆ ಮರಳಲಿಲ್ಲ.

ಬೆಳೆಯುವ ಆರ್ಥಿಕತೆಯಲ್ಲಿ ಡಾಲರ್ ಮೊತ್ತದ ಯಾವುದೇ ಅಂಕಿ ಕಾಲಕಾಲಕ್ಕೆ ದಾಖಲೆ ಮುರಿಯುತ್ತಲೇ ಇರುತ್ತದೆ. ‘ದಾಖಲೆ ಸಾಲ’ ಎಂಬ ಸುದ್ದಿಯೊಂದನ್ನೇ ನೆಚ್ಚಿ ಯಾರೂ ಒಂದೇ ಒಂದು ಷೇರನ್ನೂ ಮಾರಬಾರದು.

ವರ್ಷದಿಂದ ವರ್ಷಕ್ಕೆ ಆದ ಬದಲಾವಣೆ

ಇದು ಮೊತ್ತಕ್ಕಿಂತ ಉತ್ತಮ. ಸಾಲ ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ವೇಗದಲ್ಲಿ ಬೆಳೆಯುತ್ತಿದೆ ಎನ್ನುವುದು ಜನರ ಮನಃಸ್ಥಿತಿಯನ್ನು ಹೇಳುತ್ತದೆ. 2000ದ ಮಾರ್ಚ್‌ಗೆ ಕೊನೆಗೊಂಡ ಒಂದು ವರ್ಷದಲ್ಲಿ ಸಾಲ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಉಬ್ಬಿತ್ತು. 2021ರ ಮಾರ್ಚ್‌ನಲ್ಲಿ ಅದು ಹಿಂದಿನ ವರ್ಷಕ್ಕಿಂತ ಶೇ 70ಕ್ಕೂ ಹೆಚ್ಚಿತ್ತು. ಎರಡನೆಯದರಲ್ಲಿ ಒಂದು ಮೋಸ ಅಡಗಿದೆ: ಹೋಲಿಕೆಗೆ ಸಿಕ್ಕ 2020ರ ಮಾರ್ಚ್ ಕೋವಿಡ್ ಕುಸಿತದ ತಳ. ಬುಡವೇ ತಗ್ಗಾಗಿದ್ದರೆ ಶೇಕಡಾವಾರು ತಾನಾಗಿ ಎತ್ತರ ಕಾಣುತ್ತದೆ. ಪೇಟೆ ಅಲ್ಲಿಂದ ಇನ್ನೂ ಒಂಬತ್ತು ತಿಂಗಳು ಏರಿತು.

ಅನುಭವಿಗಳು ಇದನ್ನು ಬಳಸುವುದು ಬೇರೆ ರೀತಿ. ಭಾರಿ ವೇಗದ ಬಳಿಕ ವಾರ್ಷಿಕ ಬದಲಾವಣೆ ಶೂನ್ಯಕ್ಕಿಂತ ಕೆಳಗಿಳಿದರೆ ಮಾತ್ರ ಅದನ್ನು ಸೂಚನೆ ಎನ್ನುತ್ತಾರೆ. 2022ರ ಮಾರ್ಚ್ ಹೊತ್ತಿಗೆ ಹಾಗಾಯಿತು. ಸೂಚ್ಯಂಕ ಆಗ 4,500ರ ಸುತ್ತಮುತ್ತ ಇತ್ತು, ಅಕ್ಟೋಬರ್‌ನಲ್ಲಿ 3,600ರ ಕೆಳಗೆ ಹೋಯಿತು. ಇದು ಒಳ್ಳೆಯ ಗೆಲುವೇ. ಆದರೆ ಇದೇ ನಿಯಮ 2019ರಲ್ಲಿ ಕೈಕೊಟ್ಟಿತ್ತು. ಆ ವರ್ಷದ ಬಹುಭಾಗ ಸಾಲ ಹಿಂದಿನ ವರ್ಷಕ್ಕಿಂತ ಕಡಿಮೆಯಿತ್ತು, ಸೂಚ್ಯಂಕ ಮಾತ್ರ ಸುಮಾರು ಶೇ 29ರಷ್ಟು ಏರಿತು.

ತಡದ ಲೆಕ್ಕವನ್ನೂ ಇಲ್ಲೇ ಹೇಳಿಬಿಡಬೇಕು. ಅಮೆರಿಕದಲ್ಲಿ ಬ್ರೋಕರ್‌ಗಳ ಸ್ವಯಂ ನಿಯಂತ್ರಣ ಸಂಸ್ಥೆಯಾದ ಫಿನ್ರಾ ಒಂದು ತಿಂಗಳ ಕೊನೆಯ ಅಂಕಿಯನ್ನು ಮುಂದಿನ ತಿಂಗಳ ಮೂರನೇ ವಾರದ ಆಸುಪಾಸಿನಲ್ಲಿ ಹೊರಗಿಡುತ್ತದೆ. 2020ರಲ್ಲಿ ಎಸ್ ಅಂಡ್ ಪಿ 500 ಫೆಬ್ರುವರಿ 19ರಂದು ಶಿಖರದಲ್ಲಿದ್ದು ಮಾರ್ಚ್ 23ರಂದು ತಳ ಕಂಡಿತು, ಶೇ 34ರ ಕುಸಿತ. ಫೆಬ್ರುವರಿ ಕೊನೆಯ ಸಾಲದ ಅಂಕಿ ಓದುಗರ ಕೈಗೆ ಬರುವ ಹೊತ್ತಿಗೆ ಬೀಳುವುದೆಲ್ಲ ಬಹುತೇಕ ಬಿದ್ದಾಗಿತ್ತು. ವೇಗದ ಕುಸಿತದಲ್ಲಿ ಮಾಸಿಕ ಅಂಕಿಯಿಂದ ರಕ್ಷಣೆ ಸಿಗುವುದಿಲ್ಲ.

ಅನುಪಾತ: ಪೇಟೆಯ ಗಾತ್ರಕ್ಕೆ ಸಾಲ ಎಷ್ಟು

ಒಟ್ಟು ಸಾಲವನ್ನು ಪೇಟೆಯ ಒಟ್ಟು ಮೌಲ್ಯದಿಂದಲೋ ದೇಶದ ಜಿಡಿಪಿಯಿಂದಲೋ ಭಾಗಿಸಿ ನೋಡುವುದು ಮೂರನೆಯ ದಾರಿ. ನಾನು ಹೆಚ್ಚು ಬೆಲೆ ಕೊಡುವುದು ಇದಕ್ಕೆ. ಕಾಲಗಳನ್ನೂ ದೇಶಗಳನ್ನೂ ಒಂದೇ ಮಾನದಲ್ಲಿ ಇಟ್ಟು ನೋಡಲು ಬಿಡುವುದು ಇದೊಂದೇ.

1929ರ ಅಕ್ಟೋಬರ್‌ನಲ್ಲಿ ಅಮೆರಿಕದ ಬ್ರೋಕರ್ ಸಾಲ ಸುಮಾರು 850 ಕೋಟಿ ಡಾಲರ್. ಇಂದಿನ ಕಣ್ಣಿಗೆ ಅದು ಚಿಲ್ಲರೆ. ಆದರೆ ಆ ವರ್ಷದ ಸೆಪ್ಟೆಂಬರ್ ಆರಂಭದಲ್ಲಿ ನ್ಯೂಯಾರ್ಕ್ ವಿನಿಮಯ ಕೇಂದ್ರದ ಎಲ್ಲ ಷೇರುಗಳ ಮೌಲ್ಯ ಸುಮಾರು 8,900 ಕೋಟಿ ಡಾಲರ್ ಮಾತ್ರ. ಅಂದರೆ ಪೇಟೆಯ ಶೇ 9ಕ್ಕೂ ಹೆಚ್ಚು ಭಾಗ ಸಾಲದ ಮೇಲೆ ನಿಂತಿತ್ತು. ಡೌ ಜೋನ್ಸ್ 381ರಿಂದ 1932ರ ಜುಲೈನಲ್ಲಿ 41ಕ್ಕೆ ಇಳಿಯಲು ಬ್ಯಾಂಕುಗಳ ದಿವಾಳಿ, ಹಣದ ಬಿಕ್ಕಟ್ಟು ಮುಂತಾದ ಬೇರೆ ಕಾರಣಗಳು ಬೇಕಾದವು. ಆದರೆ ಮೊದಲ ವಾರಗಳ ಆ ಭಯಂಕರ ವೇಗಕ್ಕೆ ಈ ಸಾಲವೇ ಇಂಧನ. 1934ರಲ್ಲಿ ಮಾರ್ಜಿನ್ ಮಿತಿ ನಿಗದಿ ಮಾಡುವ ಅಧಿಕಾರ ಫೆಡರಲ್ ರಿಸರ್ವ್‌ಗೆ ಸಿಕ್ಕಿದ್ದು ಇದರಿಂದಲೇ. ಇಂದು ಅಮೆರಿಕದ ಮಾರ್ಜಿನ್ ಸಾಲ ಪೇಟೆ ಮೌಲ್ಯದ ಶೇ 2ರ ಆಸುಪಾಸಿನಲ್ಲಿದೆ.

ಜಿಡಿಪಿಗೆ ಹೋಲಿಸಿದರೆ 2000 ಮತ್ತು 2007ರ ಶಿಖರಗಳಲ್ಲಿ ಸಾಲ ಶೇ ಎರಡೂವರೆಯಿಂದ ಮೂರರ ನಡುವೆ ಇತ್ತು, 2021ರಲ್ಲಿ ಶೇ 4ರ ಹತ್ತಿರಕ್ಕೆ ಹೋಯಿತು. 2025ರ ಜೂನ್‌ನಲ್ಲಿ ಒಂದು ಲಕ್ಷ ಕೋಟಿ ಡಾಲರ್ ದಾಟಿ ತಲೆಬರಹವಾದ ದಿನ ಅದೇ ಅನುಪಾತ ಸುಮಾರು ಶೇ 3.3, ಅಂದರೆ 2021ಕ್ಕಿಂತ ಕೆಳಗೆ. ಮೊತ್ತದಲ್ಲಿ ದಾಖಲೆ, ಅನುಪಾತದಲ್ಲಿ ದಾಖಲೆಯಲ್ಲ.

ಅನುಪಾತದ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸಿದ್ದು ಚೀನಾ. ಅಲ್ಲಿ ಮಾರ್ಜಿನ್ ಸಾಲದ ಬಾಕಿ ಪ್ರತಿದಿನ ಪ್ರಕಟವಾಗುತ್ತದೆ. ಶಾಂಘೈ ಕಾಂಪೊಸಿಟ್ 2015ರ ಜೂನ್ 12ರಂದು 5,166ರಲ್ಲಿ ಕೊನೆಗೊಂಡಿತು, ಅದೇ ಶಿಖರ. ಸಾಲದ ಬಾಕಿ ಶಿಖರ ಮುಟ್ಟಿದ್ದು ಜೂನ್ 18ರಂದು, ಸುಮಾರು 2.27 ಲಕ್ಷ ಕೋಟಿ ಯುವಾನ್. ಪೇಟೆ ತಿರುಗಿದ ಮೇಲೂ ಕೆಲವು ದಿನ ಜನ ಸಾಲ ಮಾಡಿ ಕೊಳ್ಳುತ್ತಲೇ ಇದ್ದರು. ದಿನವಹಿ ಲೆಕ್ಕ ಕೈಯಲ್ಲಿದ್ದರೂ ಅದು ದಿನಾಂಕ ಹೇಳಲಿಲ್ಲ. ಆದರೆ ವಹಿವಾಟಿಗೆ ತೆರೆದಿರುವ ಷೇರುಗಳ ಒಟ್ಟು ಮೌಲ್ಯದ ಶೇ 4ಕ್ಕೂ ಹೆಚ್ಚು ಸಾಲದ ಮೇಲಿದೆ ಎಂಬುದು ವಾರಗಳ ಮೊದಲೇ ಕಾಣುತ್ತಿತ್ತು. ಜುಲೈ 8ರ ವೇಳೆಗೆ ಸೂಚ್ಯಂಕ ಶೇ 30ಕ್ಕಿಂತ ಹೆಚ್ಚು ಕುಸಿದಿತ್ತು, ನಾಲ್ಕು ವಾರವೂ ಆಗಿರಲಿಲ್ಲ. ಹತ್ತು ವರ್ಷದ ನಂತರ, 2025ರ ಸೆಪ್ಟೆಂಬರ್‌ನಲ್ಲಿ, ಚೀನಾದ ಮಾರ್ಜಿನ್ ಸಾಲ 2015ರ ದಾಖಲೆಯನ್ನು ಮುರಿಯಿತು. ಈ ನಡುವೆ ಪೇಟೆ ಬಹಳ ದೊಡ್ಡದಾಗಿದ್ದರಿಂದ ಅನುಪಾತ ಅಂದಿನದಕ್ಕಿಂತ ಸಾಕಷ್ಟು ಕೆಳಗಿತ್ತು.

ಕೆರೆಯಲ್ಲಿ ನೀರೆಷ್ಟಿದೆ ಎಂದು ನೋಡಿದವನು ಏರಿ ಒಡೆದರೆ ಎಷ್ಟು ಗದ್ದೆ ಮುಳುಗುತ್ತದೆ ಎಂದು ಹೇಳಬಲ್ಲ, ಏರಿ ಯಾವತ್ತು ಒಡೆಯುತ್ತದೆ ಎಂದು ಹೇಳಲಾರ. ಸಾಲದ ಅನುಪಾತವೂ ಅಷ್ಟೇ ಹೇಳುತ್ತದೆ: ಕುಸಿತ ಬಂದರೆ ಎಷ್ಟು ಆಳ, ಎಷ್ಟು ಬಿರುಸು. ಬರುತ್ತದೆಯೇ, ಯಾವಾಗ ಎಂಬುದನ್ನು ಹೇಳುವುದಿಲ್ಲ.

ಖಾತೆಯ ನಗದು ಕಳೆದು ನೋಡುವ ಲೆಕ್ಕ

ಫಿನ್ರಾ ಸಾಲದ ಜೊತೆಗೆ ಗ್ರಾಹಕರ ಖಾತೆಗಳಲ್ಲಿ ಬಳಸದೆ ಉಳಿದ ನಗದನ್ನೂ ಪ್ರಕಟಿಸುತ್ತದೆ. ನಗದಿನಿಂದ ಸಾಲವನ್ನು ಕಳೆದರೆ ಹೂಡಿಕೆದಾರರ ಒಟ್ಟಾರೆ ನಿಲುವು ಸಿಗುತ್ತದೆ ಎಂಬುದು ವಾದ. ಹಿಂದೆ ಇದಕ್ಕೆ ಹೆಚ್ಚು ಅರ್ಥವಿತ್ತು. ಈಗ ಗ್ರಾಹಕರ ಬಿಡಿ ಹಣವನ್ನು ಬ್ರೋಕರ್‌ಗಳು ತಾವಾಗಿಯೇ ಬ್ಯಾಂಕ್ ಠೇವಣಿಗೋ ಮನಿ ಮಾರ್ಕೆಟ್ ಫಂಡಿಗೋ ದಾಟಿಸುವುದು ಸಾಮಾನ್ಯ. ಆ ಹಣ ಈ ಲೆಕ್ಕದಲ್ಲಿ ಕಾಣುವುದಿಲ್ಲ, ಹಾಗಾಗಿ ಕೊರತೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇದನ್ನು ಬಿಟ್ಟುಬಿಡಬಹುದು.

ನಮ್ಮ ಎಂಟಿಎಫ್ ಲೆಕ್ಕ

ಭಾರತದಲ್ಲಿ ಸಾಲ ಮಾಡಿ ಷೇರು ಹಿಡಿದಿಡುವ ಅಭ್ಯಾಸ ಹೊಸದಲ್ಲ. ಬದ್ಲಾ ಪದ್ಧತಿಯಲ್ಲಿ ಒಂದು ವಾಯಿದೆಯಿಂದ ಮುಂದಿನದಕ್ಕೆ ವಹಿವಾಟನ್ನು ಬಡ್ಡಿ ಕೊಟ್ಟು ಮುಂದೂಡುತ್ತಿದ್ದರು. 2001ರ ಕೇತನ್ ಪಾರೇಖ್ ಷೇರು ಹಗರಣದ ಬಳಿಕ ಆ ವರ್ಷದ ಜುಲೈನಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಅದನ್ನು ನಿಲ್ಲಿಸಿತು. ಈಗಿನ ಎಂಟಿಎಫ್‌ಗೆ 2004ರಲ್ಲಿ ಚೌಕಟ್ಟು ಬಂತು, 2017ರಲ್ಲಿ ನಿಯಮಗಳು ಪರಿಷ್ಕಾರಗೊಂಡವು. ಎಫ್ ಅಂಡ್ ಒ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿನ ಪಟ್ಟಿಯಲ್ಲಿರುವ ಷೇರಿಗೆ ಕಡಿಮೆ ಮಾರ್ಜಿನ್, ಉಳಿದ ಅರ್ಹ ಷೇರುಗಳಿಗೆ ಹೆಚ್ಚು. ಕೊಂಡ ಷೇರು ಬ್ರೋಕರ್ ಹೆಸರಿಗೆ ಒತ್ತೆಯಾಗಿ ನಿಲ್ಲುತ್ತದೆ.

ಪಾರದರ್ಶಕತೆಯಲ್ಲಿ ನಮ್ಮ ಲೆಕ್ಕ ಅಮೆರಿಕದ್ದಕ್ಕಿಂತ ಮುಂದಿದೆ. ದಿನದ ಆರಂಭದ ಬಾಕಿ ಎಷ್ಟು, ಆ ದಿನ ಹೊಸದಾಗಿ ಪಡೆದದ್ದೆಷ್ಟು, ತೀರಿಸಿದ್ದೆಷ್ಟು, ದಿನದ ಕೊನೆಗೆ ಉಳಿದದ್ದೆಷ್ಟು ಎಂಬುದನ್ನು ಎನ್‌ಎಸ್‌ಇ ಪ್ರತಿ ವಹಿವಾಟು ದಿನಕ್ಕೂ ಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಷೇರಿನ ಮೇಲೆ ಎಷ್ಟು ಸಾಲವಿದೆ ಎಂಬ ಪಟ್ಟಿಯೂ ಅದರಲ್ಲಿರುತ್ತದೆ, ಐದನೆಯ ಅಳತೆ ಇದೇ. ಇಂಥ ಮಾಹಿತಿ ಉಚಿತವಾಗಿ ಸಿಗುತ್ತಿದ್ದರೂ ಸಣ್ಣ ಹೂಡಿಕೆದಾರರು ಅದನ್ನು ತೆರೆದು ನೋಡುವುದು ಅಪರೂಪ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಒಟ್ಟು ಪೇಟೆಯ ದಿಕ್ಕು ಹೇಳಲು ಮಾತ್ರ ಈ ಲೆಕ್ಕ ಸಾಲದು. ಒಂದು ಲಕ್ಷ ಕೋಟಿ ರೂಪಾಯಿ ದೊಡ್ಡದೇ, ಆದರೆ ನಾನೂರು ಲಕ್ಷ ಕೋಟಿಗೂ ಮಿಕ್ಕಿದ ಪೇಟೆ ಮೌಲ್ಯದ ಎದುರು ಅದು ಶೇ 0.25ನ್ನೂ ಮುಟ್ಟುವುದಿಲ್ಲ. ಜೊತೆಗೆ ಕೆಲವೇ ವರ್ಷಗಳಲ್ಲಿ ಆದ ಈ ಏರಿಕೆಯ ಒಂದು ಭಾಗ ಸೌಲಭ್ಯ ಹೆಚ್ಚು ಆ್ಯಪ್‌ಗಳಿಗೆ ಬಂದುದರಿಂದ, ಇನ್ನೊಂದು ಭಾಗ ದಿನದೊಳಗಿನ ವಹಿವಾಟಿನ ಮಾರ್ಜಿನ್ ನಿಯಮ 2021ರಲ್ಲಿ ಬಿಗಿಯಾದ ಮೇಲೆ ಜನ ಇತ್ತ ತಿರುಗಿದ್ದರಿಂದ ಆದದ್ದು. ಹೊಸ ರಸ್ತೆಗೆ ಬಂದ ವಾಹನಗಳನ್ನೆಲ್ಲ ಹೊಸ ವಾಹನಗಳೆಂದು ಎಣಿಸಲಾಗದು.

ಯಾವ ಲೆಕ್ಕಕ್ಕೂ ಸಿಗದ ಸಾಲ

2008ರ ಜನವರಿಯಲ್ಲಿ ನಮ್ಮಲ್ಲಿ ಎಂಟಿಎಫ್ ಬಳಕೆ ನಗಣ್ಯವಾಗಿತ್ತು. ಊಹೆಯ ವಹಿವಾಟಿನ ಭಾರವೆಲ್ಲ ಬಿಡಿ ಷೇರುಗಳ ಫ್ಯೂಚರ್ಸ್‌ನಲ್ಲಿ, ಅಂದರೆ ಬೆಲೆಯ ಒಂದು ಭಾಗವನ್ನಷ್ಟೇ ಮಾರ್ಜಿನ್ ಆಗಿ ಕಟ್ಟಿ ಮುಂದಿನ ದಿನಾಂಕಕ್ಕೆ ಮಾಡಿಕೊಳ್ಳುವ ಒಪ್ಪಂದಗಳಲ್ಲಿತ್ತು. ಜನವರಿ 21ರಂದು ಸೆನ್ಸೆಕ್ಸ್ 1,408 ಅಂಶ ಬಿತ್ತು, ಮರುದಿನ ಬೆಳಿಗ್ಗೆ ವಹಿವಾಟನ್ನೇ ತಡೆಹಿಡಿಯಬೇಕಾಯಿತು. ಮಾರ್ಜಿನ್ ಕಟ್ಟಲಾಗದವರ ಷೇರುಗಳು ಸಿಕ್ಕ ಬೆಲೆಗೆ ಹೋದವು. ಆ ದಿನಗಳಲ್ಲಿ ಮಾರ್ಜಿನ್ ಸಾಲದ ಪಟ್ಟಿ ನೋಡಿ ಕುಳಿತವನಿಗೆ ಏನೂ ಕಾಣುತ್ತಿರಲಿಲ್ಲ.

2021ರ ಮಾರ್ಚ್‌ನಲ್ಲಿ ಅಮೆರಿಕದ ಆರ್ಕಿಗೋಸ್ ಎಂಬ ಹೂಡಿಕೆ ಸಂಸ್ಥೆ ಕುಸಿದಾಗಲೂ ಹೀಗೇ. ಷೇರನ್ನು ತಾನು ಕೊಳ್ಳದೆ ಅದರ ಏರಿಳಿತದ ಲಾಭ ನಷ್ಟವನ್ನಷ್ಟೇ ಪಡೆಯಲು ಬ್ಯಾಂಕುಗಳೊಡನೆ ಮಾಡಿಕೊಂಡ ಸ್ವಾಪ್ ಒಪ್ಪಂದಗಳ ಮೂಲಕ ಕಟ್ಟಿದ್ದ ಅದರ ಸಾಲ ಫಿನ್ರಾ ಅಂಕಿಯಲ್ಲಿ ಇರಲಿಲ್ಲ. ಕ್ರೆಡಿಟ್ ಸ್ವಿಸ್ ಬ್ಯಾಂಕ್ ಒಂದೇ ಸುಮಾರು 550 ಕೋಟಿ ಡಾಲರ್ ಕಳೆದುಕೊಂಡಿತು. ನಮ್ಮಲ್ಲಿ ಷೇರು ಒತ್ತೆಯಿಟ್ಟು ಬ್ಯಾಂಕ್ ಮತ್ತು ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಂದ (ಎನ್‌ಬಿಎಫ್‌ಸಿ) ಪಡೆಯುವ ಸಾಲ ಎಂಟಿಎಫ್ ಲೆಕ್ಕಕ್ಕೆ ಸೇರುವುದಿಲ್ಲ. ಬ್ಯಾಂಕುಗಳು ವ್ಯಕ್ತಿಗಳಿಗೆ ಷೇರಿನ ಮೇಲೆ ಕೊಡಬಹುದಾದ ಸಾಲದ ಮಿತಿಯನ್ನು ₹20 ಲಕ್ಷದಿಂದ ₹1 ಕೋಟಿಗೆ ಏರಿಸುವುದಾಗಿ ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಚಿನ್ನದ ಸಾಲವನ್ನೋ ವೈಯಕ್ತಿಕ ಸಾಲವನ್ನೋ ತೆಗೆದು ಷೇರಿಗೆ ಹಾಕಿದವರ ಲೆಕ್ಕ ಯಾವ ಪಟ್ಟಿಯಲ್ಲೂ ಸಿಗದು.

ಯಾರಿಗೆ ಯಾವುದು

ತಿಂಗಳು ತಿಂಗಳು ಎಸ್‌ಐಪಿ ಕಟ್ಟುವವರು, ಹತ್ತು ವರ್ಷ ಹಣ ಮುಟ್ಟುವ ಅಗತ್ಯವಿಲ್ಲದವರು ಈ ಐದರಲ್ಲಿ ಯಾವುದನ್ನೂ ನೋಡಬೇಕಾಗಿಲ್ಲ. ಸಾಲದ ಸುದ್ದಿ ಓದಿ ಎಸ್‌ಐಪಿ ನಿಲ್ಲಿಸುವವರು 2013ರಲ್ಲಿ ಅಮೆರಿಕದ ಪೇಟೆಯಿಂದ ಹೊರಬಂದವರ ಸಾಲಿಗೇ ಸೇರುತ್ತಾರೆ.

ನಿವೃತ್ತಿ ಹಣವೋ ಸೈಟು ಮಾರಿದ ಹಣವೋ ಒಟ್ಟಿಗೆ ಕೈಗೆ ಬಂದವರು ಅನುಪಾತ ನೋಡಲಿ. ಅದು ಹಿಂದಿನ ಶಿಖರಗಳ ಹತ್ತಿರವಿದ್ದರೆ ಹಣವನ್ನು ಒಂದೇ ಸಲ ಹಾಕದೆ ಆರರಿಂದ ಹನ್ನೆರಡು ತಿಂಗಳಿಗೆ ಹಂಚಬಹುದು. ಬೀಳುತ್ತದೆ ಎಂದು ಪಂಥ ಕಟ್ಟುವುದು ಬೇರೆ, ಬಿದ್ದರೆ ಆಳವಾಗಿ ಬಿದ್ದೀತು ಎಂದು ಜಾಗರೂಕರಾಗುವುದು ಬೇರೆ. ಇವರು ಮಾಡಬೇಕಾದುದು ಎರಡನೆಯದು. ಅಮೆರಿಕದ ಷೇರುಗಳಲ್ಲಿ ಹಣ ಇರುವವರಿಗೆ, ಕಂಪನಿಯ ಷೇರನ್ನು ಸಂಬಳದ ಭಾಗವಾಗಿ ಪಡೆಯುವ ಬೆಂಗಳೂರಿನ ತಂತ್ರಜ್ಞರಿಗೂ ಸೇರಿ, ಇದೇ ಮಾತು. ಒಂದೇ ಕಂಪನಿಯ ಷೇರು ಆಸ್ತಿಯ ಬಹುಪಾಲಾಗಿದ್ದರೆ ಹಂತಹಂತವಾಗಿ ಕಡಿಮೆ ಮಾಡಲು ಅನುಪಾತ ಎತ್ತರದಲ್ಲಿರುವ ಕಾಲ ಒಳ್ಳೆಯ ಕಾಲ.

ಪೇಟೆಯ ಜೊತೆ ಒಳಗೆ ಹೊರಗೆ ಓಡಾಡುವವರಿಗೆ ವಾರ್ಷಿಕ ಬದಲಾವಣೆ ಉಪಯೋಗವಾದೀತು, ಆದರೆ ಒಂಟಿಯಾಗಿ ಅಲ್ಲ. ಸಾಲದ ಬೆಳವಣಿಗೆ ಋಣಾತ್ಮಕವಾಗಿದೆ, ಜೊತೆಗೆ ಸೂಚ್ಯಂಕವೂ ತನ್ನ ಇನ್ನೂರು ದಿನಗಳ ಸರಾಸರಿಯ ಕೆಳಗಿದೆ ಎಂಬ ಎರಡು ಷರತ್ತುಗಳನ್ನು ಒಟ್ಟಿಗೆ ಹಾಕಿದ್ದರೆ 2019ರ ಬಹುಭಾಗದ ಸುಳ್ಳು ಸೂಚನೆಯಿಂದ ಪಾರಾಗಬಹುದಿತ್ತು.

ಎಂಟಿಎಫ್ ಬಳಸುತ್ತಿರುವವರ ಬಗ್ಗೆಯೇ ನನಗೆ ಹೆಚ್ಚಿನ ಕಾಳಜಿ. ಅವರಿಗೆ ಪೇಟೆಯ ಒಟ್ಟು ಸಾಲಕ್ಕಿಂತ ತಮ್ಮ ಸಾಲದ ಗಣಿತ ಮುಖ್ಯ. ₹30,000 ಸ್ವಂತ, ₹70,000 ಸಾಲ ಹಾಕಿ ಒಂದು ಲಕ್ಷದ ಷೇರು ಕೊಂಡಿದ್ದೀರಿ, ಬಡ್ಡಿ ವರ್ಷಕ್ಕೆ ಶೇ 12 ಎಂದುಕೊಳ್ಳಿ. ಬಡ್ಡಿಯೇ ₹8,400. ಷೇರು ಶೇ 8.4ರಷ್ಟು ಏರಿದರೆ ನಿಮಗೆ ಸಿಗುವುದು ಸೊನ್ನೆ. ಶೇ 15ರಷ್ಟು ಇಳಿದರೆ ನಿಮ್ಮ ಹಣದ ಅರ್ಧ ಹೋಯಿತು, ಬಡ್ಡಿ ಬೇರೆ, ಮಾರ್ಜಿನ್ ಕಾಲ್ ಅದಕ್ಕೂ ಮೊದಲೇ ಬಂದಿರುತ್ತದೆ.

ಆಮೇಲೆ ಎನ್‌ಎಸ್‌ಇ ಪಟ್ಟಿಯಲ್ಲಿ ನಿಮ್ಮ ಷೇರನ್ನು ಹುಡುಕಿ. ಅದರ ಮೇಲಿನ ಒಟ್ಟು ಎಂಟಿಎಫ್ ಸಾಲವನ್ನು, ಆ ಷೇರಿನಲ್ಲಿ ದಿನಕ್ಕೆ ಸರಾಸರಿ ಆಗುವ ಡೆಲಿವರಿ ವಹಿವಾಟಿನ, ಅಂದರೆ ಅದೇ ದಿನ ಮಾರಿಬಿಡದೆ ಖಾತೆಗೆ ಷೇರು ಬರುವ ವಹಿವಾಟಿನ, ಮೌಲ್ಯದಿಂದ ಭಾಗಿಸಿ. ಸಾಲ ₹600 ಕೋಟಿ, ದಿನದ ಡೆಲಿವರಿ ₹60 ಕೋಟಿ ಎಂದಾದರೆ ಎಲ್ಲರೂ ಒಟ್ಟಿಗೆ ಹೊರಬರಲು ಹತ್ತು ದಿನ ಬೇಕು, ಕೊಳ್ಳುವವರು ಅಷ್ಟೂ ದಿನ ನಿಂತಿದ್ದರೆ. ಸೂಚ್ಯಂಕದ ದೊಡ್ಡ ಷೇರುಗಳಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ ಸಣ್ಣದಿರುತ್ತದೆ, ಮಧ್ಯಮ ಮತ್ತು ಸಣ್ಣ ಕಂಪನಿಗಳಲ್ಲಿ ದಿಢೀರನೆ ಉಬ್ಬುತ್ತದೆ. ನಾಲ್ಕೈದು ದಿನ ದಾಟಿದ ಷೇರನ್ನು ಸಾಲದಲ್ಲಿ ಹಿಡಿಯಬಾರದು ಎಂಬುದು ನಾನು ಹಾಕಿಕೊಂಡ ಗೆರೆ. ಇದು ಸೆಬಿ ನಿಯಮವಲ್ಲ, ನಿಮ್ಮ ಗೆರೆ ಬೇರೆ ಇರಬಹುದು. ಬಿಎಸ್‌ಇಯಲ್ಲೂ ಎಂಟಿಎಫ್ ಸಾಲ ಇರುವುದರಿಂದ ಎರಡೂ ಕೇಂದ್ರಗಳ ಅಂಕಿಯನ್ನು ಕೂಡಿಸಿ ಲೆಕ್ಕ ಹಾಕಿ. ತ್ರೈಮಾಸಿಕ ಫಲಿತಾಂಶದ ಹಿಂದಿನ ವಾರ ಇನ್ನೊಮ್ಮೆ ನೋಡಿ, ಆಗ ಸಾಲ ಗುಡ್ಡೆಯಾಗಿರಬಹುದು.